ಚಿಮಣಿಗೆ ತಿರುಪು ಇಲ್ಲ

ಕಂದೀಲಾಗಿದ್ದರ ಒಂದು ತಿರುಪು ಇರತಿತ್ತು,
ಬತ್ತಿ ಇಳಿಸಬಹುದಿತ್ತು.
ನಾ ಇಕಿಗೆ ಚಿಮಣಿ ಅಂತ ಹೆಸರಿಟ್ಟೆ.
ಬಾಲದ ತುದಿಗೆ ಮಸಿ ಹತ್ತಿದಂಗ ಕಪ್ಪು, ಅದಕ್ಕ.
ಗಾಳಿ ಬಂದಾಗೊಮ್ಮೆ ಅಂಗೈ ಅಡ್ಡ ಹಿಡಕೊಂಡು
ಊರು ತಿರಗಬೇಕಾಗತದ ಅಂತ
ಆಗ ಯಾರಿಗೆ ಗೊತ್ತಿತ್ತು.

ಮುಂಜಾನೆ ಪೌಣೆ ಐದು.
ಹಾಲಿನ ಗಾಡಿ ಬರೂದ್ರೊಳಗ,
ವ್ಯಾಕ್ಸಿನ್ ಡಿಪೋದ ಗಿಡಗಳ ಕೆಳಗ
ನಗುವ ಕ್ಲಬ್ಬಿನವರು ಕೈ ಎತ್ತಿ ನಗೂದ್ರೊಳಗ
ನಮ್ಮ ಸುತ್ತು ಮುಗೀಬೇಕು.
ಹಂಗ ಕೂಡಿ ನಗುವವರಿಗೆ ಇಕಿ ಅಂಜತಾಳ.
ನಾನೂ ಸ್ವಲ್ಪ.

ಎಡಗೈಗೆ ಹಗ್ಗ, ಎರಡು ಸುತ್ತು.
ಸೊಂಟದ ಚೀಲದಾಗ ಕುದಿಸಿದ ತತ್ತಿಯ ಚೂರು.
ಅತ್ತಿಯ ಬಾಯಾಗ ಆ ಹೆಸರು ಬರೂದಿಲ್ಲ,
"ಬಿಳೇ ಬಟಾಟಿ ತಗೊಂಡ್ಯಾ?" ಅಂತಾರ.

ಲೆಕ್ಕ ನನಗ ಕಲಸಿದಾಕಿ ಇಕಿನ.
ಸೈಕಲ್ಲಿಗೆ ಹದಿನೈದು ಹೆಜ್ಜಿ,
ಹೆಲ್ಮೆಟ್ಟಿಗೆ ಇಪ್ಪತ್ತು,
ಛತ್ರಿಗೆ... ಬೆಳಗಾವಿ ಮಳಿಗಾಲದಾಗ ಛತ್ರಿ ಇಲ್ಲದವರು ಯಾರದಾರ,
ಅದನ್ನ ಬಿಡ್ರಿ.
ಇನ್ನೊಂದು ನಾಯಿಗೆ ನಾಲ್ವತ್ತು,
ಅದೂ ಆ ನಾಯಿ ಸುಮ್ಮನಿದ್ದರ.
ಅದಕ್ಕಿಂತ ಒಳಗ ಬಂದರ
ಮೊದಲ ಕಿವಿ, ಆಮ್ಯಾಲೆ ಬೆನ್ನಿನ ಕೂದಲ,
ಆಮ್ಯಾಲೆ ಬಾಯಿ ಮುಚ್ಚತಾಳ.
ಎಲ್ಲಾರೂ ತೆರೆದ ಬಾಯಿಗೆ ಅಂಜತಾರ,
ನಾ ಅಂಜೂದು ಮುಚ್ಚಿದ್ದಕ್ಕ.
ಆ ಗಳಿಗ್ಯಾಗ "ಚಿಮಣೀ" ಅಂದು ಹೊಳ್ಳಿ ನಡದರ ಬಚಾವ್.
ಒಂದು ಉಸಿರು ತಡ ಆತಂದ್ರ
ಭಗ್!

"ಎರಡು ಬಿಗೀರಿ, ಸುಮ್ಮನಾಗತದ," ಪಾಯಗೊಂಡ ಮಾಸ್ತರು.
"ನಂಗ ನಾಯಿ ಅಂದ್ರ ಭಾಳ ಗೊತ್ರಿ" ಅಂತ
ಕೈ ಚಾಚಿಕೊಂಡ ಬರಾವ್ರು ದಿನಾ ಒಬ್ಬರು.
ದೂರ ಇರ್ರಿ ಅನ್ನೂ ಗುರ್ತಿಗೆ
ಹಗ್ಗಕ್ಕ ಹಳದಿ ಅರಿವಿ ಕಟ್ಟಿದೆ.
ಒಬ್ಬಾಕಿ ಮುದುಕಿ "ಯಲ್ಲಮ್ಮಗ ಬಿಟ್ಟದ್ದೇನವಾ?" ಅಂತ ಕೈ ಮುಗದ್ಲು.
ಕಟ್ಟಿ ಮ್ಯಾಲಿನ ಹುಡುಗ್ರು,
"ಹಳದಿ ಸರಿ, ಕೆಂಪು ಎಲ್ಲಿ ಬಿತ್ತ್ರಿ ಅಕ್ಕಾರ?"
ಈ ಊರಾಗ ಬಣ್ಣ ಸುಮ್ಮನ ಕಟ್ಟಾಕ ಬರೂದಿಲ್ಲ.

ನಿನ್ನಿ ತಡ ಆತು. ರಾತ್ರಿಯೆಲ್ಲಾ ಅತ್ತಿಗೆ ಕೆಮ್ಮು.
ಎರಡನೇ ಗೇಟಿಗೆ ಬರೂದ್ರಾಗ ಆರೂವರಿ.
ಗಂಟಿ. ಗೇಟು ಬಿತ್ತು.
ಹಿಂದ ರಿಕ್ಷಾ, ಮಗ್ಗಲಿಗೆ ಕಾಯಿಪಲ್ಲೆ ಟೆಂಪೊ,
ಹೊಳ್ಳಾಕ ಜಾಗಾ ಇಲ್ಲ.
ಹಳಿಯ ಆಚೆ, ಗೇಟಿಗೆ ಹತ್ತಿ
ನೈಟ್ ಪ್ಯಾಂಟಿನವ ಒಬ್ಬ, ಜೊತಿಗೆ ಕಂದು ನಾಯಿ.
ನಾಲ್ವತ್ತು ಹೆಜ್ಜಿ ನಾ ಎಲ್ಲಿಂದ ತರಲಿ?
ಚಿಮಣಿ ಬಾಯಿ ಮುಚ್ಚಿದ್ಲು.

ಕುಂತುಬಿಟ್ಟೆ. ಡಾಂಬರಿನ ಮ್ಯಾಲೆ, ಸೀರಿ ಸಮೇತ,
ಅಕಿ ಕಣ್ಣಿಗೂ ಆ ನಾಯಿಗೂ ನಡುವ ನನ್ನ ಮೈ.
ತತ್ತಿ ಚೂರು ನೆಲಕ್ಕ ಚೆಲ್ಲಿದೆ, ಹುಡಕವ್ವಾ, ಹುಡಕ.
ಹಾರ್ನು. ಯಾರೋ ನಕ್ಕರು.
ಯಾರೋ "ಕಾಯ್ ಝಾಲ ಬಾಯಿ?" ಅಂದ್ರು.
ಮೂತಿ ನೆಲಕ್ಕ ಹತ್ತಿತು,
ಕಿವಿ ಮಾತ್ರ ಆಚೆಗೇ.

ಆಗ ಬಂತು ಗೂಡ್ಸು.
ಇಷ್ಟು ವರ್ಷ ಬೈದ ಗೂಡ್ಸಿಗೆ ಕೈ ಮುಗದೆ,
ಡಬ್ಬಿ ಮ್ಯಾಲೆ ಡಬ್ಬಿ, ಓಡೂ ಕಬ್ಬಿಣದ ಗ್ವಾಡಿ.
ಗಾಲಿಗಳ ಸಂದಿಯಾಗ ಆಚೆ ಕಂಡದ್ದು:
ಅವನೂ ಕುಂತಿದ್ದ.
ಮೊಣಕಾಲೂರಿ, ನಾಯಿಯ ಮಾರಿಗೆ ತನ್ನ ಎದಿ ಅಡ್ಡ ಕೊಟ್ಟು
ನೆಲಕ್ಕ ಏನೋ ಚೆಲ್ಲತಿದ್ದ.
ಕಂಡ. ಗಾಲಿ.
ಕಂಡ. ಗಾಲಿ.
ಕೈ ತಿರುವಿ ತೋರಿಸಿದ, ನಾ ಆ ಕಡೆ.
ನಾನೂ ತೋರಿಸಿದೆ, ನಾ ಈ ಕಡೆ, ಹಳಿ ಗುಂಟ.

ಗೇಟು ಎದ್ದಾಗ ಎಲ್ಲಾರೂ ಮುಂದ ನುಗ್ಗಿದ್ರು,
ನಾವಿಬ್ಬರ ಹಿಂದ ಹೊಳ್ಳಿದ್ವಿ.
ಹೆಸರು ಕೇಳಲಿಲ್ಲ.
ಕೇಳಬೇಕಂದ್ರ ನಾಲ್ವತ್ತು ಹೆಜ್ಜಿ ಒಳಗ ಬರಬೇಕು.

ಮನಿಗೆ ಬಂದು, ಕುಕ್ಕರಿನ ಸೀಟಿಗೆ
ಗೇಟಿನ್ಯಾಗ ಒದರದ್ದನ್ನೆಲ್ಲಾ ಕೂಡಿಸಿ ಒದರಿದ್ಲು ಚಿಮಣಿ.
ಅತ್ತಿ ನನ್ನ ಸೀರಿಯ ಡಾಂಬರು ನೋಡಿದ್ರು.
ಏನೂ ಅನ್ನಲಿಲ್ಲ.
ಕೆಮ್ಮಿಕೋತ ಎದ್ದು ಹೋಗಿ
ಗ್ಯಾಸ್ ಸಣ್ಣ ಮಾಡಿದ್ರು.