ಎದೆಬರಹ

ವುಚ್ ಅಂದರೆ ಈ ಊರಿನ ಮಾತಲ್ಲಿ ದೋಣಿ.
ಹೊಳೆ ಮಾತ್ರ ಎಲ್ಲೂ ಕಾಣುವುದಿಲ್ಲ;
ಗಿರಣಿಗಳ ಕಾಲದಲ್ಲೇ ನೆಲದಡಿಗೆ ತಳ್ಳಿದ್ದಾರೆ.
ಕೆಂಪಿಟ್ಟಿಗೆಯ ಹಳೇ ಗಿರಣಿ, ಮೂರನೇ ಮಹಡಿ,
ತಿಂಗಳ ಮೊದಲ ಗುರುವಾರ
ಚಿತ್ರ ಬರೆದು ಹೊಟ್ಟೆ ಹೊರೆಯುವವರ ಕೂಟ.
ಬಾಗಿಲ ಬಳಿಯ ಮೇಜು ನನ್ನದು:
ಒಂದು ಕಟ್ಟು ಚೀಟಿ, ಎರಡು ಪೆನ್ನು, ಡಬ್ಬಿ ತುಂಬ ಪಿನ್ನು.

ಹಣೆಬರಹ ಬರೆಯುವವನ ವಿಳಾಸ ನನಗೆ ಗೊತ್ತಿಲ್ಲ.
ನಾನು ಬರೆಯುವುದು ಎದೆಬರಹ.
ಹೆಸರು ಮೇಲೆ, ಕಸುಬು ಕೆಳಗೆ.

ಹೆಸರಿಗೆ ಯಾರೂ ತಡವರಿಸುವುದಿಲ್ಲ.
ಕಸುಬು ಕೇಳಿದಾಗ ನೋಡಬೇಕು:
ಒಬ್ಬ ಚಾವಣಿ ನೋಡುತ್ತಾನೆ,
ಒಬ್ಬಳು ಹಿಂದೆ ನಿಂತವಳ ಬೂಟು.
"ವಿನ್ಯಾಸಗಾರ ಅಂತ ಬರೀರಿ... ಅಂದರೆ, ಆಗ್ತಾ ಇದ್ದೀನಿ."
ಆಗ್ತಾ ಇರುವುದಕ್ಕೆ ಇಷ್ಟಗಲದ ಚೀಟಿಯಲ್ಲಿ
ಜಾಗವಿಲ್ಲವಲ್ಲ, ಒಲ್ಗಿಯೆರ್ದ್.
ಖಾರ್ಕಿವ್‌ನಿಂದ ಬಂದ ಸೊಲೊಮಿಯಾ ಮಾತ್ರ
ಅಂಗಡಿ ಬೋರ್ಡಿನಷ್ಟು ದೊಡ್ಡ ದನಿಯಲ್ಲಿ
"ಚಿತ್ರಗಾರ್ತಿ" ಅಂದಳು.
ಬೆಳಗಿನ ಜಾವದ ಬೇಕರಿ ಪಾಳಿಯ ಸುದ್ದಿ
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಬೆರಳ ಸಂದಿಯ ಹಿಟ್ಟು ಪಿನ್ನಿಗೆ ಮೆತ್ತಿತು.

ಏಳಕ್ಕೆ ಐದು ನಿಮಿಷವಿರುವಾಗ ವಿಯೆಸ್ವಾವಾ.
ಅರವತ್ತಮೂರು ಇರಬಹುದು.
ಕಂಕುಳಲ್ಲಿ ಪೋರ್ಟ್‌ಫೋಲಿಯೋ ಅಲ್ಲ,
ಹಗ್ಗ ಬಿಗಿದ ಪರದೆ ಬಟ್ಟೆಯ ಸುರುಳಿ.
"ಇದೇ ಮಹಡಿ. ಆ ಕಂಬದ ಪಕ್ಕ ನನ್ನ ಮೇಜಿತ್ತು.
ಹದಿನಾರು ವರ್ಷ ಇಲ್ಲಿ ಹೂ ಬರೆದೆ.
ಯಾರ ಅಡುಗೆಮನೆಗೆ ಹೋದರೂ ಕಿಟಕಿಗೆ ನನ್ನ ಗಸಗಸೆ ಹೂವೇ.
ಅಂಚಿನಲ್ಲಿ ಗಿರಣಿಯ ಮುದ್ರೆ ಇರುತ್ತಿತ್ತು, ಅಷ್ಟೇ."
ಆಮೇಲೆ?
"ಆಮೇಲೆ ಔಷಧಿ ಅಂಗಡಿಯ ಲೆಕ್ಕ."
ಕಸುಬು ಏನಂತ ಬರೆಯಲಿ?
ಪೆನ್ನಿನ ಮೂತಿಯನ್ನೇ ನೋಡಿದಳು.
"ಖಾಲಿ ಬಿಡು, ಮಗಳೇ."

ಬಿಟ್ಟೆ.
ಅವಳ ಹೆಸರಿನ ನಡುವೆ ಬರುವ ಎಲ್ ಅಕ್ಷರದ
ಸೊಂಟಕ್ಕೆ ಅಡ್ಡಗೀಟು ಎಳೆಯುವಾಗ
ಕೈ ಯಾಕೋ ಒಂದು ಗಳಿಗೆ ನಿಂತಿತು.

ಒಳಗೆ ಅವತ್ತಿನ ಪಾಠ: ದರ ಹೇಳುವುದು.
ಇಬ್ಬಿಬ್ಬರು ಎದುರುಬದುರು ಕೂತು
ತಮ್ಮ ಒಂದು ದಿನದ ಬೆಲೆ ಹೇಳಬೇಕು,
ಹೇಳಿ ಬಾಯಿ ಮುಚ್ಚಬೇಕು.
ಮುಚ್ಚುವುದೇ ಕಷ್ಟ.
"ಎಂಟುನೂರು ಜ್ವೋತಿ, ಆದರೆ ಕಮ್ಮಿ ಮಾಡ್ಕೋಬಹುದು."
"ಆರುನೂರು, ಆದರೆ ಪರಿಚಯದವರಾದರೆ ಊಟ ಹಾಕಿದರೂ ನಡೆಯುತ್ತೆ."
ವಾರ್ಸಾದಿಂದ ಬಂದ ಕಲಾ ನಿರ್ದೇಶಕ ಸೆವೆರಿನ್
ಟಣ್ ಅಂತ ಗಂಟೆ ಹೊಡೆಯುತ್ತಾನೆ:
"'ಆದರೆ'ಗೆ ಯಾರೂ ಕಾಸು ಕೊಡುವುದಿಲ್ಲ."
ಈ ಸಂಜೆಗೆ ಅವನು ಬಂದದ್ದು ಪುಕ್ಕಟೆ.
ರೈಲಿನ ಟಿಕೆಟ್ಟೂ ಅವನದೇ.

ಮುದುಕಿಯ ಎದುರು ಸೊಲೊಮಿಯಾ.
ಹಗ್ಗ ಬಿಚ್ಚಿದ್ದೇ ತಡ
ಗಸಗಸೆ ಹೂ ಕಾಫಿ ಲೋಟಗಳನ್ನು ಹಾದು
ಮೇಜು ಇಳಿದು ನೆಲಕ್ಕೆ ಹರಿಯಿತು.
ಹುಡುಗಿ ಮಂಡಿಯೂರಿ ಬೆರಳಾಡಿಸಿದಳು:
"ಇದು ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಗುತ್ತೆ?
ಜೋಡಣೆಯೇ ಕಾಣ್ತಿಲ್ಲ."
"ಕಾಣಬಾರದು. ಅದೇ ಕೆಲಸ."
"ನನಗೆ ಕಲಿಸಿ. ದಿನಕ್ಕೆಷ್ಟು?"

ಅಷ್ಟರಲ್ಲಿ ಕೆಳಗೆ ಟ್ರಾಮು ಹಾದು ಕಿಟಕಿ ಗಾಜು ಗಡಗುಟ್ಟಿತು.
ಅಂಕಿ ನನಗೆ ಕೇಳಲಿಲ್ಲ.
ತುಟಿ ಆಡಿದ್ದು ಕಂಡಿತು, ಮುಚ್ಚಿದ್ದು ಕಂಡಿತು.
ಸೆವೆರಿನ್‌ನ ಕೈ ಗಂಟೆಯ ಮೇಲೇ ಇತ್ತು.
ಅವಳು ಮತ್ತೆ ಬಾಯಿ ತೆರೆಯಲಿಲ್ಲ.

ಹತ್ತು ಗಂಟೆಗೆ ಚೀಟಿಗಳು ಡಬ್ಬಿಗೆ ವಾಪಸು.
ಒಲ್ಗಿಯೆರ್ದ್‌ನದು ನಾಲ್ಕು ಮಡಿಕೆ.
ವಿಯೆಸ್ವಾವಾಳದು ಬರಲಿಲ್ಲ;
ಕೆಳಗೆ ನಿಲ್ದಾಣದ ದೀಪದಡಿ ನಿಂತಿದ್ದಳು,
ನವೆಂಬರಿನ ಚಳಿ, ಕುತ್ತಿಗೆ ತನಕ ಗುಂಡಿ ಹಾಕಿದ ಕೋಟು,
ಕೋಟಿನ ಮೇಲೆ ಬೆಳ್ಳಗೆ ಒಂದು ಚೌಕ.
ಕೆಳಗಿನ ಸಾಲು ಖಾಲಿಯೋ ಅಲ್ಲವೋ
ಮೂರು ಮಹಡಿಯಿಂದ ಓದಲಾಗಲಿಲ್ಲ.

ಹೊರಡುವಾಗ ಸೆವೆರಿನ್ ತನ್ನ ಚೀಟಿ ಬಿಚ್ಚಿ
ಬೆಳಕಿಗೆ ಹಿಡಿದು ನೋಡಿದ:
"ಅಕ್ಷರ ಯಾರದು?"
"ನಂದೇ, ಆದರೆ ಸುಮ್ಮನೆ ಸಹಾಯಕ್ಕೆ ಅಂತ..."
ಗಂಟೆ ಅವನ ಚೀಲ ಸೇರಿಯಾಗಿತ್ತು.

ಕುರ್ಚಿ ಮಡಚಿಟ್ಟೆ. ದೀಪ ಒಂದೊಂದೇ ಆರಿಸಿದೆ.
ಉಳಿದ ಚೀಟಿ ಹದಿನೇಳು.
ಲೆಕ್ಕದ ಪುಸ್ತಕದಲ್ಲಿ
ಹದಿನಾರು ಅಂತ ಬರೆದೆ.