ಒಂದು ಹಕ್ಕಿ ಕಮ್ಮಿ

ಬೀದರ ಕೋಟ್ಯಾಗ, ರಂಗೀನ್ ಮಹಲಿನ ಹೊಸ್ತಿಲದಾಚೆ
ಜಾದೂ ಅಂದ್ರ ಬರೇ ಒಂದು ರಿವಾಜು.
ಒಂದೊಂದು ಖಾಂದಾನಕ್ಕ ಒಂದೊಂದು:
ಇವರ ಮಗಳು ಉಸಿರು ಬಿಟ್ರ
ಗ್ವಾಡಿ ಮ್ಯಾಲಿನ ಮುತ್ತಿನಚಿಪ್ಪು ಮೀನಾಗಿ ಈಜ್ತದ,
ಅವರ ಸೊಸಿ ಬೆರಳು ಮಡಚಿದ್ರ
ದೀಪ ಬಾಗಿ ಸಲಾಮು ಹೊಡೀತದ.
ಅತ್ತರು ಹಚ್ಚಿದಂಗ ಜಾದೂ ಹಚ್ಚಿಕೊಂಡು
ಕೂತಿದ್ರು ಬೇಗಮ್‌ಗೋಳು.

ನಾನು ಚಪ್ಪಲಿ ಬಿಡೂ ಜಾಗದಾಗ.
ಮಡಿಲಾಗ ಅಪ್ಪ ಎರಕ ಹೊಯ್ದ ಪಾನದಾನ,
ಅದರ ಮ್ಯಾಲ ನಾ ಕೂಡಿಸಿದ ಬೆಳ್ಳಿ ಹಕ್ಕಿ, ಹನ್ನೊಂದು.
ಅದು ಕಪ್ಪಾಗೂದು ಕಣ್ಣಾರೆ ನೋಡಬೇಕಂತ
ದೊಡ್ಡ ಬೀಬಿಯ ಹುಕುಂ.

ನಮ್ಮ ಮನ್ಯಾಗ ಜಾದೂ ಇಲ್ಲ. ನಾಲಿಗಿ ಅದ.
ಬಿಸಿಲು ಕಾಣದ, ಮಳಿ ಮುಟ್ಟದ
ಬುರುಜಿನ ಹೊಟ್ಟಿ ಮಣ್ಣು ಚಿಟಿಕಿ ಬಾಯಾಗಿಟ್ಟು
ಹೇಳ್ತೀವಿ: ಇದು ಆದೀತು, ಇದು ಆಗಂಗಿಲ್ಲ.

"ಮಣ್ಣು ತಿನ್ನೂ ಹುಡುಗಿ" ಅಂತ ನಕ್ಕರು.
ನಗಲಿಲ್ಲ ಒಬ್ಬಾಕಿ, ದುರ್ದಾನಾ. ನನ್ನ ವಾರಿಗಿ.
ಮರುದಿನ ಆಕಿ ನಿಕಾಹ,
ಮೂರು ಹೆಂಡಿರನ್ನ ಮಣ್ಣು ಮಾಡಿದ ಅಮೀರನ ಜೋಡಿ.
ಕಾಲಾಗ ಅವನು ಕಳಿಸಿದ ಬೆಳ್ಳಿ ಕಡಗ.
ನಡದ್ರ ಸಪ್ಪಳ ಬರ್ತಿತ್ತು,
ಬೆಳ್ಳಿ ಸಪ್ಪಳ ಅಲ್ಲ.

ಕಾಯಿಸಿದ ನೀರು, ನವಸಾಗರ, ಮಣ್ಣು.
ಪಾನದಾನ ಮುಳುಗಿಸಿದೆ.
ಆಕಿ ಬಗ್ಗಿ, ಯಾರನ್ನೂ ಕೇಳದ,
ಕಡಗ ಎರಡೂ ಬಿಚ್ಚಿ ಒಳಗ ಒಗದ್ಳು.

ಮ್ಯಾಲ ತಗದ್ರ
ಹಕ್ಕಿ ಬೆಳ್ಳಗ, ಪಾನದಾನ ಅಮಾಸಿ.
ಕಡಗ ಅದಕ್ಕಿಂತ ಕರಿ.
ಸತು. ನಮ್ಮ ಪಾನದಾನದ ಬಳಗ.

ಗ್ವಾಡ್ಯಾಗ ಮೀನು ಗಪ್ ನಿಂತ್ವು.
ದೀಪ ಬಾಗೂದು ಮರತ್ವು.
"ಕಾಲಾ ಜಾದೂ!" ದೊಡ್ಡ ಬೀಬಿ ಚೀರಿದ್ಳು.
"ಅಲ್ರಿ, ಇದು ಮಣ್ಣು" ಅಂದೆ.
ಅನ್ನೂದ್ರಾಗ ಮುಚ್ಚಳದ ಮ್ಯಾಲಿನ ಹಕ್ಕಿ ಒಂದು
ಕುತ್ತಿಗಿ ತಿರುವಿ, ನನ್ನ ನೋಡಿ,
ಜಾಲಂದ್ರದಾಗಿಂದ ಹೋತು.

ಯಾರೂ ನೋಡಲಿಲ್ಲ. ದುರ್ದಾನಾ ನೋಡಿದ್ಳು,
ಬರಿಗಾಲಿಲೆ ನಿಂತು.

ನಿಕಾಹ ಮುರೀತಂತ ಕರೇಜಿನ ನೀರು ತುಂಬೂ ಹೆಣ್ಮಕ್ಕಳು.
ಇಲ್ಲ, ಬರೇ ಮುಂದ ಹೋಗ್ಯಾದಂತ ಸುಣಗಾರ ಭರಮಣ್ಣ.

ಪಾನದಾನ ವಾಪಸ ಬಂತು.
ಅಪ್ಪ ತಕ್ಕಡ್ಯಾಗಿಟ್ಟ. ಎರಡು ಗುಂಜಿ ಬೆಳ್ಳಿ ಕಮ್ಮಿ.
ಹಕ್ಕಿ ಆಕಾರದ್ದೊಂದು ತಗ್ಗು.
"ಕದ್ದಿಯೇನು ನಾಗಾಯಿ?"
"ಹಾರಿತು ಅಪ್ಪಾ."
ಅವ ಮತ್ತ ಕೇಳಲಿಲ್ಲ.
ತಗ್ಗಿನಾಗ ಬೆರಳಾಡಿಸಿ, ಬೆರಳು ನಾಲಿಗಿಗೆ ಹಚ್ಚಿ
ಭಾಳ ಹೊತ್ತು ಸುಮ್ಮ ಕೂತ.
ಆಮ್ಯಾಲ ಅಂದ,
"ಇದು ಆದೀತು."