ಕಾರ್ಪೊರೇಷನ್ ಹತ್ರ ಇದೀನಿ

ಭಾನುವಾರ ನಾಲ್ಕಕ್ಕೆ ಅಂದರೆ ನಾಲ್ಕಕ್ಕೆ.
ವಿಲ್ಸನ್ ಗಾರ್ಡನ್, ಪಂಕ್ಚರ್ ಅಂಗಡಿಯ ಮೇಲಿನ ಕೋಣೆ,
ಗೋಡೆ ತುಂಬ ಮೊಟ್ಟೆಯ ಟ್ರೇ,
ಸದ್ದು ಆಚೆ ಹೋಗಬಾರದೆಂದು ನಾವೇ ಅಂಟಿಸಿದ್ದು,
ಅರುಳ್‌ದಾಸನ ಮನೆಮಂದಿಯೆಲ್ಲ ಆರು ತಿಂಗಳು ಆಮ್ಲೆಟ್ ತಿಂದು.
ಗಂಟೆಗೆ ನಾನ್ನೂರು ಬಾಡಿಗೆ.

ಅರುಳ್‌ದಾಸ ಗಿಟಾರಿನ ಕಿವಿ ಹಿಂಡುತ್ತಾನೆ.
ಇಂದುಧರ ಫ್ಲಾಸ್ಕಿನ ಬಿಸಿನೀರು ಕುಡಿದು
ಹಾಡದೆ ಬರೀ ಬಾಯಾಡಿಸುತ್ತಾನೆ.
ನಾನು ಬೇಸ್. ಬೆಳಗಿನಿಂದ ಲ್ಯಾಬಿನಲ್ಲಿ
ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ಎಳೆದ ಬೆರಳು
ದಪ್ಪ ತಂತಿಯ ಮೇಲೂ ನರ ಹುಡುಕುತ್ತಿರುತ್ತದೆ.
ಡ್ರಮ್ಮಿನ ಹಿಂದೆ ಸ್ಟೂಲು, ಸ್ಟೂಲಿನ ಮೇಲೆ
ಕಳೆದ ವಾರ ಬಿಟ್ಟುಹೋದ ಅವನ ಟೋಪಿ.

ಫೋನು ಮಾಡಿದರೆ ಸಂಪಂಗಿ:
"ಹತ್ತೇ ನಿಮಿಷ ಅಕ್ಕ, ಕಾರ್ಪೊರೇಷನ್ ಹತ್ರ ಇದೀನಿ."
ಮಾತಿನ ಹಿಂದೆ ಕುಕ್ಕರಿನ ವಿಷಲ್ಲು.
ಮೂರು ವರ್ಷದಿಂದ ಕಾರ್ಪೊರೇಷನ್ ಸರ್ಕಲ್ಲಿನಲ್ಲಿ
ಯಾರೋ ಅನ್ನಕ್ಕಿಡುತ್ತಲೇ ಇದ್ದಾರೆ.

ಏಪ್ರಿಲ್ಲಿನಲ್ಲಿ ತೀರಿಕೊಂಡ ಅಜ್ಜಿಗೆ
ಜುಲೈನಲ್ಲಿ ಕಣ್ಣಿನ ಆಪರೇಷನ್ನು.
ನಂಬಿದೆ. ಅಲ್ಲ,
ನಂಬಲಿಲ್ಲ, ಉಳಿದಿಬ್ಬರನ್ನು ನಂಬಿಸಿದೆ.
ತಾಳ ಹಾಕುವುದು ಅವನ ಕೆಲಸ;
ಅವನ ಸುಳ್ಳಿಗೆ ಹಾಕುತ್ತ ಬಂದವಳು ನಾನು.
"ತಾಳ್ರೋ, ಬರ್ತಾನೆ" ಅಂತ ನಾನೇ.
ತಾಳಿದವನು ಬಾಳಿಯಾನು ಅಂತ ಗಾದೆ ಬೇರೆ.

ಬೇಗೂರಿನ ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವ.
ಎರಡು ಹಾಡು ಮುಗಿಯುವವರೆಗೆ
ಇಂದುಧರ ಪ್ಲಾಸ್ಟಿಕ್ ಕುರ್ಚಿ ಬಡಿದ.
ಮುಂದಿನ ಸಾಲಿನ ಮಗುವೊಂದು ಅಳುತ್ತ ಎದ್ದುಹೋಯಿತು.
ಮೂರನೆಯದರ ನಡುವೆ ಬಂದ,
ಬೆನ್ನಿನ ಬೆಲ್ಟಿಗೆ ಸಿಕ್ಕಿಸಿದ ಕೋಲು, ಹಣೆಯಲ್ಲಿ ಬೆವರು,
ನಮಸ್ಕಾರ ಇಲ್ಲ, ಸಾರಿ ಇಲ್ಲ, ಕೂತ, ಹೊಡೆದ.
ನಾಲ್ಕೇ ಪೆಟ್ಟು.
ನನ್ನ ಕೈಯೊಳಗೆ ಏನೋ ಸಡಿಲವಾಯಿತು,
ಬಸ್ಸಿನಲ್ಲಿ ಸೀಟು ಸಿಕ್ಕಂತೆ.
ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆ ರಾತ್ರಿ ಪರೋಟ ಅಂಗಡಿಯಲ್ಲಿ ಬಿಲ್ಲಿನ ಹಿಂಬದಿ ಹರಿದು ಚೀಟಿ.
ಮೂರರಲ್ಲೂ ಒಂದೇ: ಬೇಡ.
ಮೂರನೆಯದು ನನ್ನದೇ ಅಕ್ಷರ.
ಹೇಳುವ ಪಾಳಿಯೂ ನನ್ನದೇ.
ನಿನ್ನ ಮಾತಾದರೆ ಕೇಳುತ್ತಾನೆ, ಅಂದರು.

ಬುಧವಾರ, ಕೆಲಸ ಮುಗಿಸಿ, ಬಸ್ಸು ಬದಲಿಸಲು ಇಳಿದೆ.
ಸಿಗ್ನಲ್ಲು ಕೆಂಪಿಗೆ ನಿಂತಿತ್ತು. ಫೋನು ಮಾಡಿದೆ.
"ಎಲ್ಲಿದೀಯೋ?"
"ಇಲ್ಲೇ ಅಕ್ಕ, ಕಾರ್ಪೊರೇಷನ್ ಹತ್ರ."
ಸುತ್ತ ನೋಡಿದೆ: ಹೂವಿನ ಮೊಳ, ಬಸ್ಸಿನ ಹೊಗೆ,
ಕಡಲೆಕಾಯಿ ಗಾಡಿ, ಇಷ್ಟು ಜನ.
"ನಾನೂ ಅಲ್ಲೇ ಇದೀನಿ."

ಆ ಕಡೆಯಿಂದ ಮೌನ. ಇಷ್ಟು ವರ್ಷದಲ್ಲಿ ಅವನು
ಸರಿಯಾದ ಜಾಗದಲ್ಲಿ ಬಿಟ್ಟ ಮೊದಲ ವಿರಾಮ.
ಆಮೇಲೆ, ಮೆಲ್ಲಗೆ: "ಯಾವ ಕಡೆ ಅಕ್ಕ?"
ನಕ್ಕುಬಿಟ್ಟೆ. ನಗಬಾರದಿತ್ತು.

ನಲವತ್ತು ನಿಮಿಷಕ್ಕೆ ಬಂದ, ಕಲಾಸಿಪಾಳ್ಯದಿಂದ ನಡೆದೇ.
ಹೇಳಿದೆ. ಪೂರ್ತಿ ಕೇಳಿದ.
ಅಜ್ಜಿಯನ್ನು ಕರೆತರಲಿಲ್ಲ ಈ ಸಲ.
ಜೇಬಿನಿಂದ ಡ್ರಮ್ಮಿನ ಚರ್ಮ ಬಿಗಿಯುವ ಪುಟ್ಟ ಕೀಲಿ ತೆಗೆದು
ನನ್ನ ಅಂಗೈಗಿಟ್ಟ. ಬೆಚ್ಚಗಿತ್ತು.
"ಎಡಗಡೆಯದು ಬೇಗ ಸಡಿಲ ಆಗ್ತದೆ ಅಕ್ಕ,
ಅದೊಂದು ನೋಡ್ಕೊಳ್ಳಿ" ಅಂದ.
ಕಡಲೆಕಾಯಿ ಕೊಡಿಸಿದೆ. ತಿಂದ.

ಈ ಭಾನುವಾರ ನಾಲ್ಕಕ್ಕೆ ಎಲ್ಲರೂ ಹಾಜರ್.
ಅರುಳ್‌ದಾಸನ ಫೋನಿನಲ್ಲಿ ಟಿಕ್ ಟಿಕ್,
ತಪ್ಪುವುದಿಲ್ಲ, ಬೆವರುವುದಿಲ್ಲ,
ನಾವು ಎಡವಿದರೆ ಕಾಯುವುದೂ ಇಲ್ಲ.
ಒಂದೇ ಹಾಡನ್ನು ಏಳು ಸಲ ಶುರುಮಾಡಿದೆವು.

ನಾಲ್ಕು ನಲವತ್ತಕ್ಕೆ ಕೆಳಗೆ ಪಂಕ್ಚರಿನವನು
ಯಾವುದೋ ರಿಮ್ಮಿಗೆ ಸುತ್ತಿಗೆ ಇಳಿಸಿದ,
ಒಂದು, ಎರಡು,
ಮೂವರೂ ಒಟ್ಟಿಗೆ
ಬಾಗಿಲ ಕಡೆ ತಿರುಗಿದೆವು.